ಕೆಂಪು ನೀರಿನ ಪರೀಕ್ಷೆ

ತಾರೀಕು ಹದಿನೆಂಟು
ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ತಂಗಿಗೆ,

ಅಕ್ಕನ ನೆನಪುಗಳು. ನಿನ್ನ ಎರಡು ಕಾಗದ ಬಂದು ಎಷ್ಟೋ ದಿನವಾಯಿತು, ಒಂದಕ್ಕೂ ಉತ್ತರ ಬರೆಯಲಿಲ್ಲ. ಮೊದಲನೆಯದಕ್ಕೆ ಬರೆಯಲು ಕೂತಾಗ ಎರಡನೆಯದು ಬಂತು. ಅದರಲ್ಲಿದ್ದ ಬೈಗುಳ ಓದಿ ಇನ್ನಷ್ಟು ದಿನ ಮುಖ ಮರೆಸಿಕೊಂಡೆ. ಈಗ ಸಿಟ್ಟು ಇಳಿದಿರಬಹುದು. ಇಳಿದಿಲ್ಲದಿದ್ದರೆ ಒಂದು ಲೋಟ ನೀರು ಕುಡಿದು ಆಮೇಲೆ ಓದು. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಶಾಲೆಯಲ್ಲಿ ಕಲಿತದ್ದಲ್ಲ, ನಿನ್ನ ಭಾವ ಕಾರ್ಖಾನೆಯಿಂದ ತರುತ್ತಿದ್ದ ಹಣ್ಣಿನ ರಸದ ಪ್ಯಾಕೆಟ್ಟುಗಳ ಮೇಲಿನ ಬರಹ ಕೂಡಿಸಿ ಕೂಡಿಸಿ ಕಲಿತದ್ದು. 'ಚೆನ್ನಾಗಿ ಅಲುಗಿಸಿ ಕುಡಿಯಿರಿ' ಅನ್ನುವುದನ್ನು ಮಾತ್ರ ತಪ್ಪಿಲ್ಲದೆ ಬರೆಯಬಲ್ಲೆ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಇಲ್ಲ. ಲಿಫ್ಟು ಕೆಟ್ಟು ನಿಂತಿದೆ, ನನ್ನ ಮಂಡಿಯೂ ಅದರ ಜೊತೆ ಸೇರಿಕೊಂಡಿದೆ. ಎದುರಿಗೆ ಹೊಸ ಕಟ್ಟಡ ಎದ್ದು ಅಡುಗೆಮನೆಗೆ ಬರುತ್ತಿದ್ದ ಬಿಸಿಲು ನಿಂತುಹೋಯಿತು. ಹಗಲಲ್ಲೂ ದೀಪ ಹಾಕಿಕೊಂಡೇ ಇರುತ್ತೇವೆ.

ನಿನ್ನ ಭಾವನ ಮೈಗೇನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದಾರೆ. ಹೋಗುತ್ತಿರುವುದು ನೆನಪು. ನಾನು ಯಾರೆಂಬುದು ಹೋಗಿ ವರ್ಷದ ಮೇಲಾಯಿತು. ಬೆಳಿಗ್ಗೆ ಕಣ್ಣುಬಿಟ್ಟು, "ಯಾರಮ್ಮ ನೀವು? ಮನೆಯವರು ಯಾರೂ ಇಲ್ವಾ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. ತಟ್ಟೆ ಮುಂದಿಟ್ಟರೆ, ಗುರುತಿಲ್ಲದವರ ಮನೆಯಲ್ಲಿ ಉಣ್ಣುವುದು ಹೇಗೆ ಎಂಬ ಸಂಕೋಚದಲ್ಲಿ ಹಿಂದಕ್ಕೆ ತಳ್ಳುತ್ತಾರೆ. ಅವರನ್ನು ಆರೈಕೆಯ ಮನೆಗೆ ಸೇರಿಸಿ ನಿನ್ನ ಹತ್ತಿರ ಬಂದಿರು ಎಂದು ನೀನು ಬರೆದಿದ್ದೆ. ಬೇಜಾರಿಲ್ಲ, ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೆ ನಿನಗೆ ಹೇಳದೆ ಇಟ್ಟುಕೊಂಡ ಸಂಗತಿ ಒಂದಿದೆ, ನಗಬೇಡ. ಈ ವಯಸ್ಸಿನಲ್ಲಿ ನಾನು ಕೆಲಸಕ್ಕೆ ಸೇರಿದ್ದೇನೆ. ನಿನ್ನ ಭಾವನ ಕೈಕೆಳಗೆ.

ಚಳಿಗಾಲದಲ್ಲಿ ಒಂದು ದಿನ ಅವರು ಅಡುಗೆಮನೆಯ ಮೇಜಿನ ಮೇಲೆ ತುಂಬಿದ ಪ್ಯಾಕೆಟ್ಟನ್ನು ಕತ್ತರಿಯಿಂದ ಸೀಳಿಬಿಟ್ಟಿದ್ದರು. ರಸವೆಲ್ಲ ನೆಲಕ್ಕೆ ಹರಿದಿತ್ತು. ನಾನು ಬಟ್ಟೆ ಹಿಡಿದುಕೊಂಡು, ನಾಲಿಗೆಯನ್ನೂ ಮಸೆದುಕೊಂಡು ಹೋದೆ. ಅವರು ತಲೆ ಎತ್ತಿ ನೋಡಿ, "ಹೊಸಬಳಾ? ಬಾ, ಕೂತ್ಕೋ. ಮೊದಲು ಕಿವಿ ಬಿಚ್ಚೋದು ಕಲಿ" ಎಂದರು. ಪ್ಯಾಕೆಟ್ಟಿನ ಮೂಲೆಗಳನ್ನು ಮಡಚಿ ಅಂಟಿಸಿರುತ್ತಾರಲ್ಲ, ಅದಕ್ಕೆ ಅವರು ಕಿವಿ ಅನ್ನುವುದು. ಕಾರ್ಖಾನೆಯಲ್ಲಿ ಅವರ ಹತ್ತಿರ ಪ್ಯಾಕೆಟ್ಟು ಪರೀಕ್ಷೆ ಕಲಿಯಲು ಬರುತ್ತಿದ್ದ ಹೊಸ ಹುಡುಗಿಯರಲ್ಲಿ ನಾನೂ ಒಬ್ಬಳು ಎಂದುಕೊಂಡಿದ್ದರು. ಅವರ ಬಾಯಿಂದ 'ಬಾ, ಕೂತ್ಕೋ' ಕೇಳಿ ಎಷ್ಟು ಕಾಲವಾಗಿತ್ತೋ. ಬಟ್ಟೆ ಅಲ್ಲೇ ಬಿಟ್ಟು ಕೂತೆ. ಆ ಮಧ್ಯಾಹ್ನ, ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಉಂಡ ಹಾಗೆ, ನನ್ನೆದುರು ಕೂತು ತಟ್ಟೆ ಖಾಲಿ ಮಾಡಿದರು.

ಅಂದಿನಿಂದ ದಿನಾ ತಿಂಡಿಯಾದ ಮೇಲೆ ಪಾಠ. ನಾನು ಕೂದಲು ಎತ್ತಿ ಕಟ್ಟಿ, "ಬರಬಹುದಾ ಸಾರ್?" ಎಂದು ಕೇಳಿ ಕೂರುತ್ತೇನೆ. ಕಟ್ಟಿಕೊಂಡ ಗಂಡನನ್ನು ಸಾರ್ ಅನ್ನುವಾಗ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಈಗ ರೂಢಿಯಾಗಿದೆ. ಅವರು ಒಂದೊಂದೇ ಪದರ ಬಿಡಿಸಿ ತೋರಿಸುತ್ತಾರೆ. ನೆಟ್ಟಗೆ ನಿಲ್ಲಲು ರಟ್ಟು, ಒದ್ದೆಯಾಗದಿರಲು ಒಳಗೂ ಹೊರಗೂ ಪ್ಲಾಸ್ಟಿಕ್ಕು, ಗಾಳಿ ಬೆಳಕು ನುಸುಳದಂತೆ ನಡುವೆ ಉಸಿರು ತಾಗಿದರೆ ನಡುಗುವಷ್ಟು ತೆಳು ಅಲ್ಯೂಮಿನಿಯಂ ಹಾಳೆ. ಪ್ಯಾಕೆಟ್ಟಿನ ಬೆನ್ನಿನ ಉದ್ದಕ್ಕೂ ಇರುವ ಅಂಟನ್ನು ಎರಡು ಕೈಯಲ್ಲಿ ಹಿಡಿದು ಎಳೆಯಬೇಕು. ಅಂಟು ಬಿಟ್ಟುಕೊಂಡರೆ ಆ ಪ್ಯಾಕೆಟ್ಟು ಕೆಟ್ಟದ್ದು. ರಟ್ಟೇ ಹರಿದು ಅಂಟು ಹಾಗೇ ಉಳಿದರೆ ಒಳ್ಳೆಯದು. ಕೊನೆಗೆ ಖಾಲಿ ಪ್ಯಾಕೆಟ್ಟಿನೊಳಗೆ ಕೆಂಪು ಬಣ್ಣದ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಪದರ ಸುಲಿದು ನೋಡುವುದು. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ರಟ್ಟಿನ ಮೇಲೆ ಕೆಂಪು ಚುಕ್ಕೆ ಮೂಡಿರುತ್ತದೆ. "ಸೋರಿದ್ದು ಎಲ್ಲಿ ಅಂತ ಕಣ್ಣಿದ್ದೋರೆಲ್ಲ ಹೇಳ್ತಾರೆ. ಯಾಕೆ ಸೋರ್ತು, ಅದನ್ನ ಹೇಳು" ಎಂದು ಕೇಳುತ್ತಾರೆ.

ಹಿಂದೆ ಅವರ ಕೈಕೆಳಗೆ ಕೆಲಸ ಕಲಿತಿದ್ದ ಫೋರ್‌ಮನ್ ವಾರಕ್ಕೊಮ್ಮೆ ತಿರಸ್ಕಾರವಾದ ಪ್ಯಾಕೆಟ್ಟುಗಳ ಚೀಲ ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. "ನಿಮ್ಮನೇಲಿ ಕ್ಲಾಸು ನಡೀಲಿ ಅಂತಾದ್ರೂ ನಮ್ಮ ಮಿಷಿನ್ನು ಆಗಾಗ ಕೆಡ್ಬೇಕು ನೋಡಿ ಅಮ್ಮ" ಎಂದು ನಗಿಸುತ್ತಾನೆ. ಒಳಗೆ ಬಂದು ಮಾತಾಡಿಸು ಎಂದರೆ ಮಾತ್ರ ಗಡಿಯಾರ ನೋಡಿಕೊಳ್ಳುತ್ತಾನೆ.

ಇಷ್ಟು ದಿನದ ಸಂಸಾರದಲ್ಲಿ ಇದನ್ನೆಲ್ಲ ಊಟದ ಹೊತ್ತಿಗೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಸೋರಿದ್ದು ಯಾಕೆಂದು ಪ್ಯಾಕೆಟ್ಟು ಕೈಗೆ ಬಂದ ಕೂಡಲೇ ನನಗೆ ಗೊತ್ತಾಗಿಬಿಡುತ್ತದೆ. ಹೇಳುವುದಿಲ್ಲ. "ಅಂಟು ಕಮ್ಮಿಯಾಗಿದೆ ಸಾರ್" ಎಂದು ಬಾಯಿಗೆ ಬಂದದ್ದು ಹೇಳುತ್ತೇನೆ. ಅವರು ಹಣೆ ಚಚ್ಚಿಕೊಂಡು, "ನಿನ್ನ ತಲೇಲಿ ಏನು, ಹತ್ತಿ ತುಂಬಿದಾರಾ?" ಎಂದು ಬಯ್ದು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಸರಿಯಾಗಿ ಹೇಳಿದವರನ್ನು ಕಾರ್ಖಾನೆಯಲ್ಲಿ ಅವರು ಮರುದಿನವೇ ಲೈನಿಗೆ, ಅಂದರೆ ಪ್ಯಾಕೆಟ್ಟು ತುಂಬುವ ಮಿಷಿನ್ನಿನ ಕೆಲಸಕ್ಕೆ, ಕಳಿಸಿಬಿಡುತ್ತಿದ್ದರು. ಕಲಿತವರನ್ನು ಕೂರಿಸಿಕೊಂಡರೆ ಹೊಸಬರಿಗೆ ಜಾಗವಿರುವುದಿಲ್ಲ ಅನ್ನುವುದು ಅವರ ಪದ್ಧತಿ. ನನಗೆ ಯಾವ ಲೈನೂ ಬೇಡ. ಅವರೆದುರಿನ ಆ ಕುರ್ಚಿಯೊಂದಿದ್ದರೆ ಸಾಕು. ಹೆಂಡತಿಯಾಗಿ ಆಗದಿದ್ದರೆ ದಡ್ಡ ಹುಡುಗಿಯಾಗಿಯೇ ಇರುತ್ತೇನೆ, ಅವರು ನಾಲ್ಕು ತುತ್ತು ಉಣ್ಣಲಿ.

ಅದಕ್ಕೇ ನಿನ್ನಲ್ಲಿಗೆ ಬರಲಾರೆ. ಬದಲಿಗೆ ನೀನೇ ಇಲ್ಲಿಗೆ ಬಾ. ನಿನ್ನ ಸೊಸೆಗೆ ಮನೆ ಒಪ್ಪಿಸಿ ಒಂದು ತಿಂಗಳ ಮಟ್ಟಿಗಾದರೂ ಬಾ. ನನ್ನ ಮಂಡಿಗೂ ಆಸರೆಯಾಗುತ್ತದೆ. ಕಿಟಕಿ ಪಕ್ಕದ ಮಂಚ ನಿನಗೇ. ಗೊರಕೆ ಹೊಡೆದರೂ ಏನೂ ಅನ್ನುವುದಿಲ್ಲ.

ಮಕ್ಕಳಿಗೆಲ್ಲ ನನ್ನ ಆಶೀರ್ವಾದ ಹೇಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿನ್ನ ಹೆಸರು ಹಿಡಿದು ಕೂಗುವವರು ಕೊನೆಯತನಕ ನಿನ್ನ ಮನೆಯಲ್ಲಿರಲಿ.

ಇತಿ,
ನಿನ್ನ ಅಕ್ಕ

ಮತ್ತೆ: ಕಾಗದ ಮಡಚಿ ಆಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಮಂಡಿಗಾಗಿ ಕರೆದದ್ದಲ್ಲ ಕಣೇ.

ಹೋದ ವಾರ ಒಂದು ದಿನ ಪಾಠದ ನಡುವೆ ನನ್ನ ಮನಸ್ಸೆಲ್ಲ ಒಲೆಯ ಮೇಲಿದ್ದ ಹಾಲಿನ ಕಡೆಗಿತ್ತು. ಅವರು ಕೆಂಪು ಚುಕ್ಕೆ ತೋರಿಸಿ ಯಾಕೆಂದು ಕೇಳಿದರು. ನಾನು ಒಲೆಯ ಕಡೆ ನೋಡಿಕೊಂಡೇ, "ಅಂಟಿನ ತಪ್ಪಲ್ಲ, ಮಡಿಕೆಯ ಗೆರೆ ಜಾಸ್ತಿ ಒತ್ತಿ ಒಳಗಿನ ಹಾಳೆ ಬಿರುಕು ಬಿಟ್ಟಿದೆ" ಎಂದುಬಿಟ್ಟೆ. ಹಾಲು ಉಕ್ಕಿತು. ನಾನು ಏಳಲಿಲ್ಲ. ಅವರ ಮುಖ ಅಷ್ಟು ಬೆಳಗಿದ್ದನ್ನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಎದ್ದು ನಿಂತು ನನ್ನ ಕೈ ಕುಲುಕಿದರು. "ಕಲಿತೆ ನೀನು. ನಾಳೆಯಿಂದ ಲೈನಿಗೆ ಹೋಗು, ಇಲ್ಲಿಗೆ ಬರೋದು ಬೇಡ" ಎಂದರು.

ಮರುದಿನಕ್ಕೆ ಮರೆತಿರುತ್ತಾರೆ ಎಂದುಕೊಂಡೆ. ಎಲ್ಲ ಮರೆಯುವವರು ಇದೊಂದನ್ನು ಮರೆತಿಲ್ಲ. ಬೇಕೆಂದೇ ತಪ್ಪು ಹೇಳಿ ನೋಡಿದೆ. "ನಾಟಕ ಆಡಬೇಡ, ನಿನ್ನ ಕೈ ನನಗೆ ಗೊತ್ತು" ಎಂದು ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದರು. ಆಮೇಲಿಂದ ಊಟದ ತಟ್ಟೆ ಮುಟ್ಟುತ್ತಿಲ್ಲ, ಹಾಲು ಬ್ರೆಡ್ಡಿನಲ್ಲೇ ದಿನ ತಳ್ಳುತ್ತಿದ್ದಾರೆ. ತಿಂಡಿಯ ಹೊತ್ತು ಮುಗಿದರೆ ಮೇಜು ಒರೆಸಿ, ಪ್ಯಾಕೆಟ್ಟು ಜೋಡಿಸಿ, ಬಾಗಿಲು ನೋಡುತ್ತಾ ಕೂರುತ್ತಾರೆ. ಹೊಸಬರು ಬರಬೇಕಂತೆ.

ನೀನು ಬಾ. ನನ್ನ ತಂಗಿ ಎಂದು ಹೇಳಬೇಡ, ಕೆಲಸಕ್ಕೆ ಬಂದಿದ್ದೇನೆ ಎಂದು ಹೇಳು. ಊಟಕ್ಕೆ ಅವರೆದುರು ನೀನು ಕೂರು, ನಾನು ಬಡಿಸುತ್ತೇನೆ. ನಿನಗೆ ಮೊದಲಿನಿಂದಲೂ ಬುದ್ಧಿ ಚುರುಕು. ನನ್ನಾಣೆ, ಬೇಗ ಕಲಿಯಬೇಡ.