ಅಂಕಿತಾಳ ಕಣ್ಣಿನ ಫೋಟೊ

ಹರಿಹರ
೧೪-೭-೧೯೯೮

ಪ್ರೀತಿಯ ಮಗಳು ಉಮಾಮಹೇಶ್ವರಿಗೆ,

ಹೇಗಿದ್ದೀಯವ್ವಾ? ಬೆನ್ನುನೋವು ಕಡಿಮೆಯಾಯಿತೇ? ಗದಗಿನಲ್ಲಿ ಮಳೆ ಹಿಡಿದಿದೆಯೇ? ಇಲ್ಲಿ ನಾನೂ ನಿನ್ನ ಮಗಳು ಅಂಕಿತಾಳೂ ಆರಾಮ ಇದ್ದೇವೆ. ಈ ಕಾಗದವನ್ನು ಅಳಿಯಂದಿರ ಕೈಲಿ ಓದಿಸಬೇಡ. ನೀನೇ ಕಣ್ಣ ಹತ್ತಿರ ಹಿಡಿದು ಓದಲೆಂದು ದಪ್ಪ ಪೆನ್ನಿನಲ್ಲಿ, ಹಾಳೆಗೆ ಹತ್ತೇ ಸಾಲಿನಂತೆ ಬರೆಯುತ್ತಿದ್ದೇನೆ.

ಹೋದ ತಿಂಗಳು ನೀನು ಅವರಿಂದ ಬರೆಸಿದ ಮಾತು ಎದೆಯಲ್ಲೇ ಕೂತಿದೆ. "ಅವಳ ಕಣ್ಣೂ ನನ್ನ ಹಂಗೇ ಐದಾವೆ ಅಪ್ಪಾಜಿ. ಶಾಲೆ ಬಿಡಿಸಿಬಿಡ್ರಿ. ನಾ ತಿಂದ ಏಟು ಅವಳು ತಿನ್ನೋದು ಬ್ಯಾಡ." ಬಿಡಿಸುವ ಮೊದಲು ಒಮ್ಮೆ ತೋರಿಸೋಣವೆಂದು ಶುಕ್ರವಾರ ಅವಳನ್ನು ದಾವಣಗೆರೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಮುಸರತ್ ಎಂಬ ಡಾಕ್ಟರಮ್ಮ ನೋಡಿದರು. ಕಣ್ಣಿಗೆ ಹನಿ ಹಾಕಿ, ಕೈಗೆ ಹಳದಿ ಬಣ್ಣದ ಇಂಜೆಕ್ಷನ್ ಕೊಟ್ಟು, ಆ ಬಣ್ಣ ರಕ್ತದ ಜೊತೆ ಕಣ್ಣಿನ ಹಿಂಭಾಗಕ್ಕೆ ಹರಿಯುವಾಗ ಸರಸರನೆ ಫೋಟೊ ತೆಗೆದರು. ಮಗುವಿನ ಕಣ್ಣುಗುಡ್ಡೆ ನಿಲ್ಲದೆ ತೂಗಾಡುತ್ತದಲ್ಲ, ಅರ್ಧಕ್ಕರ್ಧ ಫೋಟೊ ಕೆಟ್ಟವು. ನಡುವೆ ವಾಂತಿಯಾಯಿತು. ಬಾಯಿ ಒರೆಸಿಕೊಂಡು ಮತ್ತೆ ತಾನಾಗಿಯೇ ಫೋಟೊ ಮಷಿನ್ನಿನ ಮೇಲೆ ಗದ್ದ ಇಟ್ಟು ಕೂತಳು. ಮರುದಿನದವರೆಗೂ ಮೈಯೆಲ್ಲ ಹಳದಿ. "ಅಜ್ಜಾ, ನಾ ಅರಿಶಿಣ ಹಚ್ಚಿದ ಮದಲಗಿತ್ತಿ ಆಗೀನಿ ನೋಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನೆ ಫೋಟೊ ನೋಡಲು ಮತ್ತೆ ಹೋದೆವು. ಡಾಕ್ಟರು ಬೇರೆ ಯಾರದೋ ಕಣ್ಣಿನ ಫೋಟೊ ಪಕ್ಕಕ್ಕಿಟ್ಟು ತೋರಿಸಿದರು. "ನೋಡ್ರಿ ಮೇಷ್ಟ್ರೆ, ಎಲ್ಲರ ಕಣ್ಣಾಗೂ ನಡುವಿನ ಈ ಜಾಗ ಖಾಲಿ ಇರ್ತದೆ. ರಕ್ತನಾಳ ಸುತ್ತ ಬಂದು ನಿಂತುಬಿಡ್ತವೆ. ಸಣ್ಣ ಅಕ್ಷರ ಕಾಣೋದೇ ಅಲ್ಲಿಂದ." ಅಂಕಿತಾಳ ಫೋಟೊದಲ್ಲಿ ಆ ಖಾಲಿ ಜಾಗವೇ ಇಲ್ಲ, ಉಮಾ. ಎಳೆ ಎಳೆ ನಾಳಗಳು ನಟ್ಟನಡುವೆಯೇ ಹಾದುಹೋಗಿವೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅಲ್ಲಿ ಇರಬೇಕಾದ ಸಣ್ಣ ಗುಳಿ ಪೂರ್ತಿ ಬೆಳೆದಿಲ್ಲವಂತೆ. ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಅದು ಸರಿಹೋಗುವುದಿಲ್ಲವಂತೆ. "ಹತ್ರ ಹಿಡಿದು ಓದಲಿ ಬಿಡ್ರಿ. ಇದು ಸೋಮಾರಿತನ ಅಲ್ಲ" ಎಂದರು.

ಆ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಏಳನೇ ತರಗತಿಯಲ್ಲಿ ನೀನು ಎದ್ದುಹೋಗಿ ಬೋರ್ಡಿಗೆ ಮುಖ ತಾಗಿಸಿ ಓದಿದೆ. ಹುಡುಗರೆಲ್ಲ ನಕ್ಕರು. ಮೇಷ್ಟರ ಮಗಳೇ ನಾಟಕ ಆಡುತ್ತಾಳೆಂದು ಬೆತ್ತ ಎತ್ತಿದವನು ನಾನು. ನೀನು "ಕಾಣವಲ್ದು ಅಪ್ಪಾಜಿ" ಎಂದಷ್ಟೂ ಹೊಡೆದೆ. ಆ ವರ್ಷವೇ ಶಾಲೆ ಬಿಡಿಸಿ, ಹದಿನಾರಕ್ಕೆ ಮದುವೆ ಮಾಡಿ ಕೈತೊಳೆದುಕೊಂಡೆ. ನಿನ್ನ ಕಣ್ಣು ಹುಟ್ಟಿದಾಗಿನಿಂದಲೂ ನಿಜವನ್ನೇ ಹೇಳುತ್ತಿತ್ತು, ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಅವಳ ಶಾಲೆಗೆ ಹೋಗಿ ಫೋಟೊ ತೋರಿಸಿದೆ. ಮೊದಲ ಬೆಂಚು ಕೊಟ್ಟಿದ್ದಾರೆ, ಬೋರ್ಡಿನ ಹತ್ತಿರ ಹೋಗಿ ನೋಡಲು ಬಿಡುತ್ತಾರೆ. ಪಾಠಗಳನ್ನು ನಾನು ದೊಡ್ಡಕ್ಷರದಲ್ಲಿ ಬರೆದುಕೊಡುತ್ತೇನೆ. ಬಿಡಿಸು ಅನ್ನಬೇಡವ್ವಾ.

ನೀವಿಬ್ಬರೂ ತಣ್ಣಗಿರಿ.

ನಿನ್ನ ತಂದೆ,
ಬಕ್ಕೇಶಪ್ಪ

ತಾ.ಕ.: ಬರೆಯಬಾರದೆಂದು ಬಿಟ್ಟಿದ್ದೆ, ಮನಸ್ಸು ತಡೆಯಲಿಲ್ಲ. "ತಾಯಿಗೂ ಹಿಂಗೇ ಇತ್ತಾ? ಆಗ ಎಲ್ಲಿ ತೋರಿಸಿದ್ರಿ?" ಎಂದು ಡಾಕ್ಟರು ಕೇಳಿದರು. ಹುಬ್ಬಳ್ಳಿಯಲ್ಲಿ ತೋರಿಸಿದ್ದೆ ಎಂದುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಮಗು ನನ್ನ ಕೈ ಹಿಡಿದು, "ನಮ್ಮಮ್ಮನ್ನೂ ನೀ ಹಿಂಗೇ ಕರ್ಕೊಂಡು ಹೋಗಿದ್ದೇನಜ್ಜಾ?" ಎಂದಳು. ಹೂಂ ಎಂದೆ. ಅವಳಿಗೆ ನಿಜ ಹೇಳಲು ನನ್ನೊಬ್ಬನಿಂದ ಆಗದು. ನೀನು ಬಾ, ಉಮಾ. ನಿನ್ನೆದುರಿಗೇ ಹೇಳುತ್ತೇನೆ.