ಮಾನಿಟರಿನಲ್ಲಿ ಮಾಮನ ಬಣ್ಣ

ಮಾಮ,

ಹನುಮಂತನಪಟ್ಟಿ ಮದುವೆಗೆ ಫೋಟೋ ತೆಗೆಯೋಕೆ ಮೊದಲನೇ ಬಸ್ಸಿಗೇ ಹೊರಟೆ. ಇಡ್ಲಿ ಮುಚ್ಚಿಟ್ಟಿದ್ದೀನಿ. ಚಟ್ನಿಗೆ ಉಪ್ಪು ಕಮ್ಮಿ, ಹಾಕ್ಕೊಳ್ಳಿ.

ಇವತ್ತಾದರೂ ದಿಂಡಿಗಲ್ಲಿಗೆ ಹೋಗಿ ಕಂಪ್ಯೂಟರಿಗೆ ಮಾನಿಟರ್ ತಂದುಬಿಡಿ. ಹದಿನೇಳು ಇಂಚಿನದು ನಮ್ಮ ಕೈಗೆಟುಕಲ್ಲ, ಹದಿನೈದೇ ಸಾಕು. ನಿಮ್ಮ ಕಾರ್ ರೇಸಿನ ಆಟ ಅದರಲ್ಲೂ ಓಡುತ್ತೆ. ಪರದೆ ಮಿಣಮಿಣ ಅಂದರೆ ಮಾತ್ರ ಬೇಡ ಅನ್ನಿ, ದಿನವೆಲ್ಲ ಅದರ ಮುಂದೆ ಕೂತು ಫೋಟೋ ತಿದ್ದೋಳು ನಾನು.

ಮೇಜಿನ ಮೇಲಿರೋ ಫ್ಲಾಪಿಯಲ್ಲಿ ನಮ್ಮಿಬ್ಬರ ಮದುವೆ ಫೋಟೋ ಹಾಕಿದ್ದೀನಿ. ಗೋಡೆ ಮೇಲಿರೋ ಅದೇ ಫೋಟೋನೂ ಕಳಚಿಕೊಂಡು ಹೋಗಿ, ಅಂಗಡಿಯಲ್ಲಿ ಪರದೆ ಪಕ್ಕ ಹಿಡಿದು ನೋಡಿ. ನನ್ನ ಕೆನ್ನೆಯ ಅರಿಶಿನ ಎರಡರಲ್ಲೂ ಒಂದೇ ಥರ ಕಾಣಬೇಕು. ಹೋದ ಸಲ ನೀವು ಮೆಚ್ಚಿಕೊಂಡು ಬಂದಿದ್ದು ನಿಮ್ಮನ್ನ ಬೆಳ್ಳಗೆ ತೋರಿಸಿದ ಮಾನಿಟರ್. ಅದನ್ನ ನಂಬಿ ನಾನು ಫೋಟೋದ ಬೆಳಕು ತಗ್ಗಿಸಿದರೆ, ಪ್ರಿಂಟಿನಲ್ಲಿ ಊರಿನ ಮದುಮಕ್ಕಳೆಲ್ಲ ಹೊಗೆ ಹಿಡಿದ ಹಾಗೆ ಬರ್ತಾರೆ.

ಅಂಗಡಿಯವರು ನಕ್ಕರೆ ನಗಲಿ. ನೀವು ಇರೋ ಹಾಗೆ ಕಪ್ಪಗೆ ಕಾಣೋದನ್ನೇ ತನ್ನಿ. ನೀವು ಹೆಣ್ಣು ನೋಡೋಕೆ ಬಂದ ದಿನ ನಾನು ಒಪ್ಪಿ ತಲೆಯಾಡಿಸಿದ್ದು ಆ ಬಣ್ಣ ನೋಡೇ.

ಸತ್ಯಾ