ಎರಡಡಿ ಗೋಡೆಗೊಂದು ತೂತು

ಮನೆಯಿಂದ,
ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಚೂಟಿಗೆ ಅಪ್ಪನ ಆಶೀರ್ವಾದ.

ಕಾಲಿನ ಊತ ಇಳಿಯಿತೇ? ದಿನಪೂರ್ತಿ ವಾರ್ಡಿನಲ್ಲಿ ನಿಂತು ಊರವರ ಕಾಲು ನೋಡುವ ನರ್ಸಮ್ಮನಿಗೆ ಸ್ವಂತ ಕಾಲನ್ನು ಬಿಸಿನೀರಿನಲ್ಲಿಡಲು ಏನು ಧಾಡಿ? ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕರಣೆ ಹಿಡಿದವನು ನಾನು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಾನು ಕಟ್ಟಿದ ಗೋಡೆ ಸೊಟ್ಟಗಿದ್ದರೆ ಬೇಕಾದರೆ ನಗು.

ಶನಿವಾರದಿಂದ ನೀನು ಎಷ್ಟು ಸಲ ಫೋನ್ ಮಾಡಿದೆಯೋ ಲೆಕ್ಕವಿಲ್ಲ. ನಾನು ಎತ್ತಲಿಲ್ಲ. ಸತ್ತು ಎಂಟು ತಿಂಗಳಾದ ಅಮ್ಮನ ದನಿ ಫೋನಿಗೆ ಒಂದರ ಹಿಂದೊಂದು ಬಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಯಾರೋ ಆಟ ಆಡುತ್ತಿದ್ದಾರೆ ಎಂದು ಅತ್ತಿಗೆಗೆ ಬಾಯಿಗೆ ಬಂದಂತೆ ಬೈದೆಯಂತೆ. ಪಾಪ, ಅವಳದೇನೂ ತಪ್ಪಿಲ್ಲ. ಕಳಿಸಿದ್ದು ನಿನ್ನ ಅಮ್ಮನೇ. ಹೇಗೆಂದು ಬರೆಯುತ್ತೇನೆ. ಬಾಯಲ್ಲಿ ಹೇಳುವ ಶಕ್ತಿ ನನಗಿಲ್ಲ.

ಅಮ್ಮ ಹೋದ ಮೇಲೆ ನಿನ್ನ ಅಣ್ಣ, ಅತ್ತಿಗೆ ಇಲ್ಲಿಗೇ ಬಂದರಲ್ಲ. ಅತ್ತಿಗೆಯದು ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ. ಸದ್ದಿಲ್ಲದ ಜಾಗ ಎಂದು ಹಿಂದಿನ ಕೋಣೆ ಕೊಟ್ಟೆ. ಆ ಕೋಣೆ ನಿನಗೆ ಗೊತ್ತಲ್ಲ, ನಾನೇ ಕಟ್ಟಿದ್ದು, ಎರಡಡಿ ದಪ್ಪದ ಕಲ್ಲು. ಬೀದಿಯಲ್ಲಿ ಲಾರಿ ಹೋದರೂ ಒಳಗೆ ಮಲಗಿದವರು ಮಗ್ಗುಲು ಬದಲಿಸಬಾರದು ಎಂದು ಹಟ ಹಿಡಿದು ಕಟ್ಟಿದ್ದು. ಪಡಸಾಲೆಯ ವೈಫೈ ಡಬ್ಬಿ ಆ ಗೋಡೆಯ ಮುಂದೆ ಮಂಡಿ ಊರಿತು. "ಮಾವ, ಗಿರಾಕಿ ಬೈಯೋದೂ ಅರ್ಧಕ್ಕೇ ಕಟ್ ಆಗ್ತಿದೆ, ಒಳಗೊಂದು ಡಬ್ಬಿ ಇಡಲೇಬೇಕು" ಎಂದು ಅತ್ತಿಗೆ ಗೋಳಾಡಿದಳು. ಡಬ್ಬಿಗೆ ತಂತಿ ಬೇಕು, ತಂತಿಗೆ ತೂತು ಬೇಕು. ಶನಿವಾರ ನಾನೇ ಹೊಡೆದೆ. ಅರ್ಧ ದಿನ ಹಿಡಿಯಿತು, ಅಷ್ಟು ಗಟ್ಟಿ. ಡಬ್ಬಿ ಎಲ್ಲಿಂದ ತಂದಿರಿ ಎಂದು ಕೇಳಿದಳು. ಮನೆಯಲ್ಲೇ ಇತ್ತು ಎಂದೆ.

ಅಮ್ಮ ಹೋದಾಗಿನಿಂದ ಆ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಅವಳ ಹಳೇ ಫೋನು ಆರಿ ಬಿದ್ದಿತ್ತು. ಫೋಟೋ ತೆಗೆದಿಟ್ಟುಕೊಳ್ಳಲು ಅತ್ತಿಗೆ ಅದನ್ನು ಚಾರ್ಜಿಗೆ ಹಾಕಿದ್ದಳು. ಅದರಲ್ಲಿ ಮೊದಲಿನಿಂದಲೂ ಸಿಮ್ ಇರಲಿಲ್ಲ, ವೈಫೈ ಬಂದರೆ ಮಾತು, ಇಲ್ಲದಿದ್ದರೆ ಬರೀ ಕಲ್ಲು. ಡಬ್ಬಿಯ ಹಸಿರು ದೀಪ ಹತ್ತಿತು. ಹತ್ತಿದ್ದೇ ತಡ, ಫೋನು ಗುಳುಂ ಗುಳುಂ ಎನ್ನತೊಡಗಿತು. "ಮಾವ, ಅತ್ತೆ ಫೋನಿಂದ ಏನೋ ಹೋಗ್ತಾ ಇದೆ!" ಎಂದು ಅತ್ತಿಗೆ ಕಿರುಚಿದಳು. ಕಿತ್ತುಕೊಂಡೆ. ಅಷ್ಟರಲ್ಲಿ, ಅಮ್ಮ ನಿನಗೆಂದು ಮಾತಾಡಿ ಕಳಿಸಿಯೂ ಹೋಗದೆ ಉಳಿದಿದ್ದ ಒಂಬತ್ತು ವಾಯ್ಸ್ ಮೆಸೇಜೂ ಹೋಗಿದ್ದವು. ಹೋದದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ಅದೇನು ತೂಗುಗುಂಡಿನ ದಾರವೇ?

ನಾನು ಕೇಳಿದ್ದು ಮೊದಲನೆಯದು ಮಾತ್ರ. "ಚೂಟೀ, ಬಾರೇ. ಅವತ್ತು ಬೈದಿದ್ದು ಬಾಯಿ ಕಣೇ, ನಾನಲ್ಲ." ಆಮೇಲೆ ಕೆಮ್ಮು, ಲೋಟ ಕೆಳಗಿಟ್ಟ ಸದ್ದು. ಅಷ್ಟಕ್ಕೇ ನಿಲ್ಲಿಸಿಬಿಟ್ಟೆ.

ಕಾಯಿಲೆ ಬಿದ್ದ ಅಮ್ಮನಿಗೆ ನೀನು ನಿಮ್ಮ ಆಸ್ಪತ್ರೆಗೆ ಬಾ ಎಂದು ಹಟ ಮಾಡಿದಾಗ "ನೀನು ನರ್ಸು ಆಗಿದ್ದು ಊರಿಗೆ, ನನಗಲ್ಲ" ಎಂದು ಅವಳು ರೇಗಿದ್ದು ನನಗೂ ಗೊತ್ತು. "ಅಮ್ಮಾ, ನೀನು ಬಾ ಅಂದ್ರೆ ಮಾತ್ರ ಬರ್ತೀನಿ" ಎಂದು ನೀನು ಕಳಿಸಿದ್ದನ್ನು ಅವಳು ಪಡಸಾಲೆಯಲ್ಲಿ ಮಲಗಿಯೇ ಕೇಳಿದ್ದಳು. ಮಾರನೇ ದಿನ, ಬೀದಿ ಗಲಾಟೆಗೆ ನಿದ್ದೆ ಬರುತ್ತಿಲ್ಲ ಎಂದು ನಾನೇ ಅವಳನ್ನು ಎತ್ತಿಕೊಂಡು ಹೋಗಿ ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಉತ್ತರ ಕೊಟ್ಟದ್ದು ಅಲ್ಲಿಂದ. ಆರು ಹೆಜ್ಜೆ ಆಚೆ ನಾನು ಪೇಪರು ಹಿಡಿದು ಕೂತಿದ್ದೆ. ಒಂಬತ್ತು ಸಲ ಕರೆದವಳ ಒಂದು ಸೊಲ್ಲೂ ನನ್ನ ಕಿವಿಗೆ ಬೀಳಲಿಲ್ಲ. ನೆಮ್ಮದಿಯಾಗಿ ಮಲಗಿದ್ದಾಳೆ ಎಂದುಕೊಂಡೆ. ಗೋಡೆ ಅಷ್ಟು ಚೆನ್ನಾಗಿ ಬಂದಿತ್ತು.

ಈಗ ಆ ತೂತಿನಿಂದ ಎಲ್ಲ ಕೇಳಿಸುತ್ತದೆ. ಅತ್ತಿಗೆ ಕೆಲಸ ಮುಗಿಸಿ ಹೊರಗೆ ಹೋದ ಮೇಲೂ ಒಳಗೆ ಯಾರೋ ಲೋಟ ಇಟ್ಟ ಹಾಗಾಗುತ್ತದೆ. ಎದ್ದು ಹೋಗುತ್ತೇನೆ. ಡಬ್ಬಿಯ ದೀಪ ಮಿಣುಕುತ್ತಿರುತ್ತದೆ, ಅವಳ ಕೊನೆಯ ದಿನಗಳ ಉಸಿರಿನ ಹಾಗೆ, ನಿಂತಿತು ಎನ್ನುವಾಗ ಮತ್ತೆ. ಸಿಮೆಂಟು ತುಂಬಿಬಿಡೋಣ ಎಂದ ನಿನ್ನ ಅಣ್ಣ. ಮುಟ್ಟಿದರೆ ನೋಡು ಎಂದೆ.

ಅಮ್ಮನ ಹೆಣದ ಮುಂದೆ, ನಾಲ್ಕು ಜನರೆದುರು, "ಬದುಕಿದ್ದಾಗ ಬರದವಳು ಈಗ ಯಾಕೆ ಬಂದೆ" ಎಂದು ನಿನಗೆ ಹೇಳಿದೆ. ಒಂದು ಲೋಟ ನೀರೂ ಕುಡಿಯದೆ ಹೋದೆ ನೀನು. ಆ ಮಾತು ತಪ್ಪು. ಅಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಅತ್ತಿಗೆಗೆ ಒಂದು ಒಳ್ಳೆಯ ಮಾತು ಹೇಳಿಬಿಡು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಲ್ಲಿ ಬಿದ್ದ ರೋಗಿಗಳೆಲ್ಲ ಎದ್ದು ನಡೆದು ಮನೆಗೆ ಹೋಗಲಿ, ನೀನೂ ಚೆನ್ನಾಗಿರು.

ನಿನ್ನ ಅಪ್ಪ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಂಚೆಗೆ ಹೊತ್ತಾಯಿತು, ಬರೆದೇಬಿಡುತ್ತೇನೆ. ಆ ಡಬ್ಬಿ ತರಿಸಿದ್ದು ಅಮ್ಮ. ಹಿಂದಿನ ಕೋಣೆಗೆ ಹೋದ ಮೂರನೇ ದಿನ ವೈಫೈ ತಂತಿಯವನಿಗೆ ಹೇಳಿಕಳಿಸಿದ್ದಳು. ಅವನು ಬಂದು "ಮೇಸ್ತ್ರಿಗಳೇ, ನಿಮ್ಮ ಗೋಡೆ ದಾಟಿ ಯಮನೂ ಬರಲ್ಲ, ಒಂದು ತೂತು ಹೊಡೀತೀನಿ" ಎಂದು ನಕ್ಕ. ನನ್ನ ಗೋಡೆಗೆ ಡ್ರಿಲ್ಲು ಇಟ್ಟರೆ ಕೈ ಮುರಿಯುತ್ತೇನೆ ಎಂದು ಓಡಿಸಿದೆ. ಡಬ್ಬಿಯನ್ನು ಕರಣೆ ಚೀಲದೊಳಗೆ ತುರುಕಿದೆ. ಇಷ್ಟು ದಿನವೂ ಅಲ್ಲೇ ಇತ್ತು. "ಹಾಕಿದ್ರಾ?" ಎಂದು ಮಲಗಿದಲ್ಲಿಂದಲೇ ಅವಳು ಕೇಳಿದಳು. "ಹೂಂ, ಹಾಕಿಸ್ದೆ" ಎಂದೆ. ಅದನ್ನು ನಂಬಿ ಒಂಬತ್ತು ಸಲ ಕರೆದಳು. ನೀನು ಕೇಳಿಯೂ ಬರಲಿಲ್ಲ ಎಂದುಕೊಂಡೇ ಹೋದಳು. ಇದನ್ನು ಓದಿದ ಮೇಲೆ ನನ್ನ ಮುಖ ನೋಡಬೇಕೆನಿಸದಿದ್ದರೆ ಬೇಡ. ಬೈಯುವುದಕ್ಕಾದರೂ ಬಾ. ಹಿಂದಿನ ಕೋಣೆಯಲ್ಲೇ ಕೂತು ಬೈ. ಈಗ ಪಡಸಾಲೆಗೆ ಕೇಳಿಸುತ್ತದೆ.